ಉಪ್ಪಿನ ಲೆಕ್ಕ

ಹೊಲಿಗೆ ಮಶೀನಿನ ಹಲಗೆಗೆ ಹಾಳೆ ಹಾಸಿ
ಕಾಜಾ ಸೀಳುವ ಬ್ಲೇಡಿನಿಂದ
ಗುಳಿಗೆಯ ನಡುಗೆರೆಯನ್ನು ಒತ್ತುತ್ತೇನೆ.
ಟಕ್.
ಒಮ್ಮೊಮ್ಮೆ ಅರ್ಧ ಅರ್ಧವಾಗಿರುವುದಿಲ್ಲ.
ದೊಡ್ಡ ಚೂರು ರಾತ್ರಿಗಿರಲಿ ಅನ್ನುತ್ತೇನೆ,
ಅವಳ ರಾತ್ರಿ ಉದ್ದ.

ಹದಿನೆಂಟು ವರ್ಷ ರವಿಕೆ ಕತ್ತರಿಸಿದ ಕೈ,
ನೂಲಿನಷ್ಟೂ ಅತ್ತಿತ್ತ ಹೋಗದ ಕೈ
ಇಲ್ಲಿ ನಡುಗುತ್ತದೆ.
ನುಂಗುವವಳ ಕೈಯೂ ನಡುಗುತ್ತದೆ;
ಅದು ಔಷಧದ್ದು, ಹೆದರಬೇಡಿ ಅಂದಿದ್ದಾರೆ.
ನನ್ನದು ಯಾವುದರದ್ದೆಂದು ನಾನು ಕೇಳಲಿಲ್ಲ.

ಬಾಂಬೋಳಿಯ ಡಾಕ್ಟರಬಾಯಿ ಕೊಂಕಣಿಯಲ್ಲಿ ಹೇಳಿದ್ದನ್ನು
ಸರದಿಯಲ್ಲಿದ್ದ ಕಾಣಕೋಣದವಳು ಹಿಂದಿಗೆ ತಂದಳು,
ನಾನು ಕನ್ನಡಕ್ಕೆ ತಂದುಕೊಂಡೆ:
ಇದೂ ಒಂದು ಜಾತಿಯ ಉಪ್ಪು, ಕಲ್ಲಿನೊಳಗೆ ಸಿಗುತ್ತದೆ.
ಮೈಯಲ್ಲಿ ನೀರು ಕಡಿಮೆಯಾದರೆ ವಿಷ.
ಊಟದ ಉಪ್ಪು ಒಮ್ಮೆಲೇ ಬಿಡಿಸಬೇಡ, ಒಮ್ಮೆಲೇ ಹೆಚ್ಚಿಸಬೇಡ.
ವಾಂತಿಭೇದಿಯಾದರೆ ಮುಂದಿನ ಗುಳಿಗೆಗೆ ಮೊದಲು ಇಲ್ಲಿಗೆ ಓಡಿ ಬಾ.

ಉಪ್ಪು ತಿಂದವರು ನೀರು ಕುಡಿಯಲೇಬೇಕು.
ನಮ್ಮೂರಲ್ಲಿ ಈ ಮಾತು ಕಳ್ಳರಿಗೆ ಹೇಳುತ್ತಿದ್ದರು.
ಹನ್ನೊಂದರ ಕೂಸು ಏನು ಕದ್ದಿತ್ತು?

ಬಾಟಲಿ ತುಂಬಿಸಿ ಶಾಲೆಗೆ ಕಳಿಸುತ್ತೇನೆ.
ಪಾಠದ ನಡುವೆ ಪದೇ ಪದೇ ಹೊರಗೆ ಹೋಗುತ್ತಾಳೆ ಎಂದು
ಡೈರಿಯಲ್ಲಿ ಟೀಚರಿನ ಕೆಂಪಕ್ಷರ.
ಏನು ಉತ್ತರ ಬರೆಯಲಿ?
ಕಿಡ್ನಿ, ಎಂದು ಬರೆದೆ.
ಕಿಡ್ನಿಗೆ ಮರ್ಯಾದೆ ಇದೆ.

ದೀಪಾವಳಿಯ ಹಿಂದಿನ ವಾರ, ಬಟ್ಟೆಗಳ ಗದ್ದಲದಲ್ಲಿ
ಬಾಬಿನ್ ಡಬ್ಬಿ ತೆರೆದರೆ
ನೂಲಿನಡಿಯಲ್ಲಿ ಒಂಬತ್ತು ಅರ್ಧಗಳು,
ಎಂಜಲಾರಿ ಒರಟಾದವು.
ಬೈಯಲಿಲ್ಲ. ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.
‘ಅವ್ವಾ, ಇದನ್ನ ತಿಂದರ
ಬಣ್ಣಾ ಎಲ್ಲಾ ಒಗದಂಗ ಆಗತಾವ.’

ಬಾರ್ಜಿನ ಕೆಲಸ ಮುಗಿಸಿ ಬಂದ ಅವರಪ್ಪ
ಅಂಗಿ ಕಳಚದೆ ಅವಳ ಮುಂದೆ ನೆಲಕ್ಕೆ ಕುಳಿತ.
ನಾಲಗೆ ತೋರಿಸು ದಾನಮ್ಮಾ, ಅಂದ.
ಎತ್ತಿ ತೋರಿಸು, ಅಂದ.
ಆಮೇಲೆ ತನ್ನದನ್ನೂ ಹೊರಚಾಚಿದ,
ಎಲೆ ಅಡಿಕೆ ತಿಂದು ಕೆಂಪಾಗಿ ಬಿರಿದದ್ದು.
ಇಬ್ಬರೂ ನಕ್ಕರು.
ಅಂದಿನಿಂದ ರಾತ್ರಿ ಎಂಟೂವರೆಗೆ ಇದೇ ಆಟ.
ಆಟ ಅಂತ ಅವಳೂ ನಂಬಿದಂತೆ ಮಾಡುತ್ತಾಳೆ.

ಬಣ್ಣದ ಮಾತಿಗೆ ನಾನು ಏನೂ ಹೇಳಲಿಲ್ಲ.
ನನಗೆ ಗೊತ್ತು.
ಗುಳಿಗೆಗಳಿಗೂ ಮುಂಚೆ, ಆ ಏಳು ರಾತ್ರಿ ಅವಳು ಮಲಗಿರಲಿಲ್ಲ.
ಗಿರಾಕಿಯ ಹನ್ನೆರಡು ಮೀಟರು ಬಿಳಿ ಲೈನಿಂಗನ್ನು ನೆಲಕ್ಕೆ ಹಾಸಿ
ನೀಲಿ ಚಾಕಿನಿಂದ ಹಡಗು ಬರೆದಳು,
ಹಡಗಿನೊಳಗೆ ಊರು, ಊರೊಳಗೆ ನಾವು ಮೂವರು,
ಮೂವರಿಗೂ ರೆಕ್ಕೆ.
ಹಾಡುತ್ತಿದ್ದಳು, ಸಿಟ್ಟಿಗೇಳುತ್ತಿದ್ದಳು, ಮತ್ತೆ ಹಾಡುತ್ತಿದ್ದಳು.
ಎಂಟನೆಯ ದಿನ ಬಂದರಿನ ಗೋಡೆಯ ತುದಿಯಲ್ಲಿ
ತೋಳು ಬಿಚ್ಚಿ ನಿಂತವಳನ್ನು
ಮೀನು ಮಾರುವ ಮುದುಕಿಯೊಬ್ಬಳು ಲಂಗ ಹಿಡಿದು ಎಳೆದಳು.
ಗಿರಾಕಿಗೆ ಬೇರೆ ಲೈನಿಂಗು ಕೊಂಡುಕೊಟ್ಟೆ.
ಅದು ಟ್ರಂಕಿನಲ್ಲಿದೆ.
ಇನ್ನೂ ಒಗೆದಿಲ್ಲ.

ಇಂದು ರಕ್ತ ಕೊಡುವ ದಿನ.
ಮೊದಲು ಸೂಜಿ, ಆಮೇಲೆ ಬೆಳಗಿನ ಗುಳಿಗೆ.
ವಾಸ್ಕೋದ ಮೊದಲ ಬಸ್ಸಿಗೆ ಹೋಗಿ
ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕಾದೆವು.
ಚೀಟಿಯಲ್ಲಿ ಸೊನ್ನೆ, ಒಂದು ಚುಕ್ಕಿ, ಎಂಟು.
ಸರಿಯಿದೆ ಅಂದರು.
ನನ್ನ ಟೇಪಿನಲ್ಲಿ ಅಂಥ ಗೆರೆಯೇ ಇಲ್ಲ.

ಮರಳುವಾಗ ಆಗಶಿಯ ಹತ್ತಿರ
ರಸ್ತೆ ಬದಿಗೆ ಉಪ್ಪಿನ ಗುಡ್ಡೆ, ಬಿಸಿಲಿಗೆ ಕಣ್ಣು ಕುಕ್ಕುವಂತೆ.
‘ಅವ್ವಾ, ಅಷ್ಟೂ ನಂದ ಏನ?’
ಎಂದು ನಕ್ಕಳು, ಎಷ್ಟೋ ತಿಂಗಳಿಗೆ, ಸಣ್ಣಗೆ.
ಆಮೇಲೆ ಕಿಟಕಿಯ ಕಡೆಯೇ ನೋಡುತ್ತ:
‘ಆ ಹಡಗ ಬರದಾಕಿ ನಾನ ಹೌದಲ್ಲೊ?
ಇಲ್ಲಾ ಜಡ್ಡ ಬರೀತ?’

ನೀರು ಕುಡಿ, ಅಂದೆ.
ಕುಡಿದಳು.
ಜುವಾರಿ ಸೇತುವೆಯ ನಡುಮಧ್ಯಕ್ಕೆ ಬಂದ ಮೇಲೆ
ನೀನ, ಅಂದೆ.