ಅಂಚಿನ ಹದಿನಾರು ಎಳೆ

ಡಂಡೀ, ಮಾರ್ಚ್ ತಿಂಗಳು. ಟೇ ನದಿಯ ಮೇಲಿನ ಗಾಳಿ
ಕಿಟಕಿಯೇ ಇಲ್ಲದ ಈ ಕೋಣೆಗೂ ಹೇಗೋ ಬರುತ್ತದೆ.
ಶನಿವಾರ ಹೊಸ ಪೆಟ್ಟಿಗೆ ಕೂರಿಸಿದೆವು, ನಾನು ಮತ್ತು ಫರ್ಗಸ್.
ಹಳೆಯದನ್ನು ಎಳೆದು ತೆಗೆದ ಜಾಗದಲ್ಲಿ
ಧೂಳಿನ ಗುರುತು ಕೂಡ ನಾಲ್ಕಕ್ಕೆ ಮೂರರ ಅಳತೆಯಲ್ಲೇ ಇದೆ ಎಂದು
ಫರ್ಗಸ್ ನಕ್ಕ.

ಆ ವರ್ಷ ಊರಿನ ಅರ್ಧ ಮನೆಗಳಲ್ಲಿ ಅಗಲದ ಟೀವಿ,
ಇನ್ನರ್ಧದಲ್ಲಿ ಹಳೇ ಡಬ್ಬ.
ಹದಿನಾರಕ್ಕೆ ಒಂಬತ್ತು ಕೊಟ್ಟರೆ ಡಬ್ಬದವರಿಗೆ ಮೇಲೆ ಕೆಳಗೆ ಕಪ್ಪು ಪಟ್ಟಿ;
ನಾಲ್ಕಕ್ಕೆ ಮೂರು ಕೊಟ್ಟರೆ ಅಗಲದವರು ಎಳೆದು ಹಿಗ್ಗಿಸಿ
ವಾರ್ತೆಯವಳ ಮುಖವನ್ನು ಬನ್ನು ಮಾಡಿಕೊಳ್ಳುತ್ತಾರೆ.
ಹಾಗಾಗಿ ಹದಿನಾಲ್ಕಕ್ಕೆ ಒಂಬತ್ತು.
ಹಾವು ಸಾಯದ, ಕೋಲು ಮುರಿಯದ ಅಳತೆ,
ಎಲ್ಲರ ಮನೆಯಲ್ಲೂ ಚೂರು ಚೂರು ತಪ್ಪಾದ ಚೌಕಟ್ಟು.
ಮೆನುವಿನಲ್ಲಿ ಅದನ್ನು ಆರಿಸಿ ಗುಂಡಿ ಒತ್ತಿದೆ.
ಮಾನಿಟರಿನಲ್ಲಿ ವೃತ್ತ ವೃತ್ತವಾಗಿಯೇ ನಿಂತಿತು.
ಮನೆಗೆ ಹೋದೆವು.

ಬುಧವಾರ ಒಂದು ಕಾಗದ, ಗ್ಯಾಸ್ ಬಿಲ್ಲಿನ ಬೆನ್ನಿಗೆ ಬರೆದದ್ದು.
ನೆಟ್ಟಾ ಗೌರ್ಲೇ, ವಯಸ್ಸು ಎಂಬತ್ತೊಂದು.

"ಮೂವತ್ತೆಂಟು ವರ್ಷ ಸೆಣಬಿನ ಗಿರಣಿಯಲ್ಲಿ ನೇಯ್ದವಳು ನಾನು.
ಮಗ್ಗ ನನ್ನ ಕಿವಿಯನ್ನು ಒತ್ತೆ ಇಟ್ಟುಕೊಂಡಿತು,
ಬಿಡಿಸಿಕೊಳ್ಳಲಾಗಲಿಲ್ಲ.
ಅಲ್ಲಿ ನಾವೆಲ್ಲ ತುಟಿ ನೋಡಿಯೇ ಮಾತಾಡಿದವರು,
ನಾಲ್ಕು ಮಗ್ಗದಾಚೆಯ ಚಾಡಿ ಕೂಡ ತಪ್ಪುತ್ತಿರಲಿಲ್ಲ.
ಆದರೆ ನಿಮ್ಮ ಹವಾಮಾನದವನಿಗೆ ಮೀಸೆ.
ಅವನಿಗಾಗಿಯೇ ನಾನು 888 ಒತ್ತುವುದು.
ಶನಿವಾರದಿಂದ ಮೂಲೆಯಲ್ಲಿ ಮೂರು ಎಂಟು ಬಂದು ನಿಲ್ಲುತ್ತವೆ,
ಬಾಗಿಲು ತೆರೆದೂ ಒಳಗೆ ಕರೆಯದವರ ಹಾಗೆ.
ನಾಳೆ ಮಳೆಯೋ ಬಿಸಿಲೋ ಹೇಳಿ.
ಬಟ್ಟೆ ಒಗೆಯಬೇಕು."

ಚಿತ್ರ ಸರಿಯಾಗಿದೆಯಲ್ಲ ಎಂದ ಫರ್ಗಸ್. ಸರಿಯಾಗಿಯೇ ಇತ್ತು.
ಮಾನಿಟರಿನ ಗುಂಡಿ ತಿರುಗಿಸಿ ಚಿತ್ರವನ್ನು ಕೆಳಗಿಳಿಸಿದೆ,
ಮಡಿಸಿ ಹೊಲಿದ ಅಂಚನ್ನು ಬಿಚ್ಚಿ ನೋಡುವ ಹಾಗೆ.
ಚಿತ್ರದ ನೆತ್ತಿಯ ಮೇಲೆ, ಯಾವ ಮನೆಗೂ ಕಾಣದ ಜಾಗದಲ್ಲಿ,
ಏಳನೇ ಗೆರೆಯಿಂದ ಇಪ್ಪತ್ತೆರಡರ ತನಕ
ಬಿಳಿ ಚುಕ್ಕೆಗಳು ಬಾಣಲೆಯ ಎಳ್ಳಿನಂತೆ ಸಿಡಿಯುತ್ತಿರಬೇಕು:
ಫುಟ್‌ಬಾಲ್ ಅಂಕ, ಹಡಗಿನ ವೇಳೆ, ಮೀಸೆಯವನ ಮಾತು.
ಅಲ್ಲಿ ಕಪ್ಪು.
ಇಸ್ತ್ರಿ ಮಾಡಿದ ಕಪ್ಪು.

ಕಾರ್ಖಾನೆಯಿಂದಲೇ ಹಾಗೆ ಕಳಿಸಿದ್ದರು.
ಚಿತ್ರ ಹಿಗ್ಗುವಾಗ ಅಂಚೂ ಹಿಗ್ಗಿ ಅಕ್ಷರ ಕೆಡದಿರಲೆಂದು
ಅಂಚನ್ನೇ ಒರೆಸಿಬಿಡುವ ಸಭ್ಯತೆ ಅದರದು.
ಕೈಪಿಡಿಯ ನೂರ ಹನ್ನೆರಡನೇ ಪುಟ, ಅಡಿಟಿಪ್ಪಣಿ.
ನಾಲ್ಕು ಮೆನು ಆಳಕ್ಕೆ ಇಳಿದು
ಹದಿನಾರು ಗೆರೆಗಳನ್ನು ಒಂದೊಂದಾಗಿ
'ಅಳಿಸು' ಇಂದ 'ಹಾಯಲು ಬಿಡು'ಗೆ ತಂದೆ.
ಎರಡನೇ ಅರ್ಧಚಿತ್ರಕ್ಕೆ ಇನ್ನೂ ಹದಿನಾರು.
ಇಪ್ಪತ್ಮೂರನ್ನು ಮುಟ್ಟಲಿಲ್ಲ.
ನಾನು ಇಷ್ಟು ಅಗಲ ಎಂದು ಟೀವಿಗೆ ಪಿಸುಗುಟ್ಟುವ ಗೆರೆ ಅದು,
ಅದನ್ನು ಪೆಟ್ಟಿಗೆಯೇ ಬರೆಯಲಿ.

ಹೊಕ್ಕಿನ ಎಳೆ ಆರುನೂರ ಇಪ್ಪತ್ತೈದು.
ಹಾಸು ಯಾವುದೆಂದು ನನಗೆ ಇವತ್ತಿಗೂ ತಿಳಿಯದು.
ಗೆರೆ ಬಿಟ್ಟ ಹಾಗೆಲ್ಲ ಎಳ್ಳು ಸಿಡಿಯಿತು.
ಫರ್ಗಸ್ ತಂದಿಟ್ಟ ಚಹಾ ಯಾವಾಗಲೋ ಆರಿತ್ತು.

ಮುಂದಿನ ವಾರ ಇನ್ನೊಂದು ಕಾಗದ,
ಈ ಸಲ ಕರೆಂಟ್ ಬಿಲ್ಲಿನ ಬೆನ್ನು.

"ಅಕ್ಷರ ಬಂತು. ಬಟ್ಟೆ ಒಣಗಿತು.
ಆದರೆ ಆ ಪಟ್ಟಿ ವಾರ್ತೆಯವಳ ಬಾಯಿ ಮೇಲೇ ಕೂರುತ್ತದೆ.
ಅವಳು ಹೇಳುವುದೊಂದು, ನೀವು ಬರೆಯುವುದೊಂದು;
ಎರಡನ್ನೂ ಓದಿ ಮೂರನೆಯದನ್ನು ತಿಳಿಯುವವಳು ನಾನು.
ಒಂದು ಸಾಲು ಕೆಳಗಿಳಿಸಿ."

ಅದಕ್ಕೆ ನನ್ನ ಪೆಟ್ಟಿಗೆಯಲ್ಲಿ ಗುಂಡಿಯಿಲ್ಲ.
ಬಿಲ್ಲು ಹಿಡಿದು ಮೆಟ್ಟಿಲಿಳಿದೆ,
ಉಪಶೀರ್ಷಿಕೆ ಬರೆಯುವವರ ಕೋಣೆಗೆ.
ಬಾಗಿಲಲ್ಲೇ ನಿಂತು ವಿಷಯ ಹೇಳಿದೆ.
ಹೆಡ್‌ಫೋನ್ ಹಾಕಿಕೊಂಡಿದ್ದ ಹುಡುಗಿ
ತಲೆಯೆತ್ತಿ
ನನ್ನ ತುಟಿ ನೋಡಿದಳು.