ಅಸರ್ ನಂತರ ತಕರಾರು

ವೇಳಾಪಟ್ಟಿಯ ಕೊನೆಯ ಸಾಲಿನಲ್ಲಿ ಬರೆದಿತ್ತು:
ಅಸರ್ ನಂತರ, ತಕರಾರು.
ಅಂದ್ರೂನ್ ಕಿಲ್ಲಾದ ಹೆಣ್ಣುಮಕ್ಕಳ ಶಾಲೆಗೆ
ಪಿಯು ಎರಡನೇ ವರ್ಷದ ಕನ್ನಡ ಕಲಿಸಲು ಹೋದ ಮೊದಲ ದಿನ
ಕನ್ನಡಕ ಒರೆಸಿ ಮತ್ತೊಮ್ಮೆ ಓದಿದೆ.
ಜಗಳಕ್ಕೂ ಗಂಟೆ ಹೊಡೆಯುತ್ತಾರೆಯೇ ಇಲ್ಲಿ?

ನಾನು ಕಂಡ ತಕರಾರು ಒಂದೇ, ಅಪ್ಪನ ಸರ್ವೆ ನಂಬರಿನದು:
ಹದಿನಾಲ್ಕು ವರ್ಷ ಮಾನ್ವಿ ತಹಸೀಲಿನ ಕಟ್ಟೆಯ ಮೇಲೆ
ಬುತ್ತಿ ಬಿಚ್ಚಿ ಉಂಡದ್ದು.

ಖುದ್ಸಿಯಾ ಆಪಾ ನಕ್ಕರು.
ಬೆಳಿಗ್ಗೆ ಕೇಳಿದ ಪಾಠವನ್ನು ಸಂಜೆ ಇಬ್ಬಿಬ್ಬರು ಕೂತು
ಒಬ್ಬರಿಗೊಬ್ಬರು ತಿರುಗಿ ಹೇಳುವುದು. ಅಷ್ಟೇ ಅದರ ಅರ್ಥ.
“ನಿಮ್ಮ ಕಚೇರಿಯವರು ಅದನ್ನ ಜಗಳ ಮಾಡಿಟ್ರು, ನಾವೇನ್ ಮಾಡೋಣ್ರಿ?”

ಗೂಟಕ್ಕೆ ಸಾಲಾಗಿ ತೂಗುವ ಹದಿನೆಂಟು ಬುರ್ಖಾ,
ಕೆಳಗೆ ಹದಿನೆಂಟು ಜಡೆ, ಬೆರಳಿಗೆ ಮಸಿ.
ಏಳಕ್ಕೆ ಅರಬ್ಬಿ ವ್ಯಾಕರಣ, ಹತ್ತಕ್ಕೆ ಫಿಸಿಕ್ಸು,
ಊಟವಾದ ಮೇಲೆ ಕಪ್ಪೆಯ ಹೃದಯಕ್ಕೆ ಮೂರು ಕೋಣೆ.
ಶಕ್ತಿನಗರದಲ್ಲಿ ಕರೆಂಟು ಹುಟ್ಟುತ್ತದೆ;
ಇಲ್ಲಿ, ಇಪ್ಪತ್ತು ಕಿಲೋಮೀಟರಿನಾಚೆ, ಫ್ಯಾನು ನಿಲ್ಲುತ್ತದೆ.

ತಂಜಿಲಾಳ ನೋಟುಬುಕ್ಕು ಒಂದೇ.
ಬಲದಿಂದ ಕ್ರಿಯಾಪದಗಳು ಬರುತ್ತವೆ,
ಎಡದಿಂದ ಅಪಧಮನಿ, ಅಭಿಧಮನಿ.
ನಡುವೆ ಉಳಿದ ನಾಲ್ಕು ಹಾಳೆ ಕನ್ನಡಕ್ಕೆ.
“ಸಾಕಾಗ್ತಾವ್ರಿ ಮಿಸ್, ಸಣ್ಣಗ ಬರೀತೀನಿ.”

ಅವಳ ಜೋಡಿ ರುಮಾನಾ.
ಅಪ್ಪ ಬಾಯ್ಲರ್ ಫಿಟ್ಟರು; ನವೆಂಬರಿನಲ್ಲಿ ಕುಡತಿನಿಗೆ ವರ್ಗ.
ಹದಿನೇಳು ಉಳಿದರು.
ಬೆಸದಲ್ಲಿ ತಕರಾರು ಆಗುವುದಿಲ್ಲ.
“ನೀವೇ ಕೂಡ್ರಿ” ಎಂದರು ಆಪಾ.
ನನಗೆ ಅಲಿಫ್ ಕೂಡ ಬರುವುದಿಲ್ಲ ಎಂದೆ.
“ಗೊತ್ತಿಲ್ಲದವರು ಸಿಕ್ಕರ ಛಲೋ. ಹುಡುಗಿ ಬಿಡಿಸಿ ಹೇಳಬೇಕಾಗತೈತಿ.”

ಹೀಗೆ ಐವತ್ಮೂರರ ನಾನು
ಹದಿನೇಳರವಳ ಎದುರು ಚಾಪೆಯ ಮೇಲೆ.

“ಹ, ಸ, ಲ. ಮೂರ ಅಕ್ಷರ ಮಿಸ್, ಇದು ಬೇರು.
ಹಾಸಿಲ್, ತಹಸೀಲ್, ಮಹಸೂಲ್.
ಎಲ್ಲಾ ಇದರ ಟೊಂಗಿ.”
ಪೆನ್ಸಿಲಿನ ತುದಿ ಒಂದೊಂದೇ ಟೊಂಗೆಯನ್ನು ಮುಟ್ಟಿತು.
ಅಪ್ಪ ಹದಿನಾಲ್ಕು ವರ್ಷ ಹತ್ತಿಳಿದ ಮೆಟ್ಟಿಲು
ಮೂರು ಅಕ್ಷರದ ಮೇಲೆ ನಿಂತಿತ್ತು ಎಂದು
ಅವನಿಗೆ ಯಾವ ಗುಮಾಸ್ತನೂ ಹೇಳಿರಲಿಲ್ಲ.

ನನ್ನ ಸರದಿ. ಅರಿಸಮಾಸ ಹೇಳಿದೆ:
ಕನ್ನಡದ ಮಾತಿಗೆ ಸಂಸ್ಕೃತದ ಮಾತು ಕೂಡಿಸಬಾರದು,
ಕೂಡಿಸಿದರೆ ದೋಷ.
“ಅರಿ ಅಂದ್ರ?”
ಶತ್ರು.
“ಮಳೆಕಾಲ?”
ಅದೂ ಅರಿಸಮಾಸವೇ.
“ಮಳಿನೂ ಬೇಕು, ಕಾಲನೂ ಬೇಕು. ಇದರಾಗ ಶತ್ರು ಯಾರ್ರಿ?”

ಮೂವತ್ತು ವರ್ಷದ ಕೆಂಪು ಮಸಿಯವಳು ನಾನು,
ಉತ್ತರ ನಾಲಿಗೆಯ ಮೇಲೇ ಇತ್ತು:
ಮೊದಲಿಂದ ರೂಢಿಯಲ್ಲಿ ಬಂದದ್ದಕ್ಕೆ ವಿನಾಯಿತಿ ಉಂಟು.

ಅವಳು ಬರೆದುಕೊಂಡಳು, ಸಣ್ಣ ಅಕ್ಷರದಲ್ಲಿ.
ಬರೆದು, ತಲೆ ಎತ್ತದೆ ಕೇಳಿದಳು:
“ಎಷ್ಟ್ ವರ್ಷ ಕೂಡಿದ್ರ ರೂಢಿ ಆಗತೈತಿ, ಮಿಸ್?”

ಕರೆಂಟು ಹೋಯಿತು.
ಕೋಟೆಗೋಡೆಯ ಕಾವು ಕಿಟಕಿಯೊಳಗೆ ಬಂದು ಕೂತಿತು.
ಉಳಿದ ಎಂಟು ಜೋಡಿ ಕತ್ತಲಲ್ಲೂ ನಿಲ್ಲಿಸಲಿಲ್ಲ,
ಗುಬ್ಬಿ ಹೊಕ್ಕ ಜಾಲಿಯ ಗದ್ದಲ.
ನಾನು ಮಾತ್ರ ಸುಮ್ಮನಿದ್ದೆ.
ಮಗ್ರಿಬ್ ಕೂಗಿತು, ಚಾಪೆ ಸುತ್ತಿದೆವು.

ಫೆಬ್ರವರಿಯ ಪೂರ್ವಸಿದ್ಧತಾ ಪರೀಕ್ಷೆ.
ಅರಿಸಮಾಸ ಎಂದರೇನು, ಎರಡು ಅಂಕ.
ತಂಜಿಲಾ ಬೇಗಂ ಪುಸ್ತಕದಲ್ಲಿದ್ದ ಹಾಗೆಯೇ ಬರೆದಿದ್ದಳು,
ಅಲ್ಪವಿರಾಮ ಸಹಿತ.
ಕೆಳಗೆ, ಗೆರೆಗೂ ಗೆರೆಗೂ ನಡುವೆ:
ತಕರಾರು ಐತಿ.

ಎರಡಕ್ಕೆ ಎರಡು ಕೊಟ್ಟೆ.
ಕೆಳಗಿನದಕ್ಕೆ ಅಂಕವಿಲ್ಲ,
ಕೆಂಪು ಮಸಿಯನ್ನು ಅಲ್ಲಿಗೆ ಒಯ್ಯಲೂ ಇಲ್ಲ.
ಅಡುಗೆಮನೆಯಲ್ಲಿ ಹಾಲು ಉಕ್ಕುವ ವಾಸನೆ.
ಎದ್ದು ಹೋಗಬೇಕಿತ್ತು; ಹೋಗದೆ
ಆ ಸಾಲನ್ನು ಮತ್ತೊಮ್ಮೆ ಓದಿದೆ, ಗಟ್ಟಿಯಾಗಿ,
ಎದುರಿಗೆ ಒಬ್ಬರು ಕೂತಿದ್ದಾರೆ ಎಂಬಂತೆ.