ನೆನಪಿಲ್ಲದ ಪೆಟ್ಟಿಗೆ

ಕುತೈಸಿಯಲ್ಲಿ ಆ ಚಳಿಗಾಲ
ಕರೆಂಟು ದೂರದ ನೆಂಟನ ಹಾಗೆ ಬರುತ್ತಿತ್ತು,
ಹೇಳದೆ ಕೇಳದೆ;
ಕೂತ ಕುರ್ಚಿ ಬಿಸಿಯಾಗುವ ಮುಂಚೆ ಎದ್ದು ಹೊರಡುತ್ತಿತ್ತು.

ಬಂತು! ಎಂದು ಮೊದಲು ಕೂಗುವವಳು ನಾಲ್ಕನೇ ಮಹಡಿಯ ಲಮಾರಾ.
ಆಮೇಲೆ ಇಡೀ ಕಟ್ಟಡ.
ಅಮ್ಮ ಹಿಟ್ಟಿನ ಕೈಯಲ್ಲೇ ಒಲೆಯ ತಿರುಪು ತಿರುಗಿಸಿ,
ಅಜ್ಜಿ ಇಸ್ತ್ರಿಪೆಟ್ಟಿಗೆ ಸಿಕ್ಕಿಸಿ,
ನಾನೂ ನುಕ್ರಿಯೂ ಟೀವಿಯ ಬೆನ್ನಿಗೆ ನುಗ್ಗಿ...
ಒಂದು ಬಡಪಾಯಿ ಫ್ಯೂಸು ಎಷ್ಟು ಜನರನ್ನು ಹೊತ್ತೀತು?
ಹಾಗಾಗಿ ಒಪ್ಪಂದ: ಮೊದಲು ರೊಟ್ಟಿ, ಆಮೇಲೆ ಆಟ.
ರೊಟ್ಟಿ ಉಬ್ಬುವಷ್ಟು ಹೊತ್ತು ಒಲೆಯ ಗಾಜಿಗೆ
ಮೂಗೊತ್ತಿ ನಿಂತಿರುತ್ತಿದ್ದೆವು.
ಅದೂ ಒಂದು ಪರದೆಯೇ.

ಪೆಟ್ಟಿಗೆ ಅಪ್ಪ ತಂದದ್ದು, ಸರ್ಪಿಯ ಗಡಿಯಿಂದ,
ಎರಡು ಮೂಟೆ ಹೇಜಲ್ ಕಾಯಿ ಮಾರಿ.
ಕ್ಯಾಸೆಟ್ಟಿನ ಮೇಲೆ ಬರೆದಿತ್ತು
ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಟಗಳೆಂದು.
ನುಕ್ರಿ ಕೂತು ಎಣಿಸಿದ. ಐದು.
ಉಳಿದವೆಲ್ಲ ಆ ಐದೇ, ಹೆಸರು ಬದಲಿಸಿಕೊಂಡು ಬಂದವು,
ಆ ವರ್ಷ ನಮ್ಮ ಬೀದಿಗಳೂ ಬದಲಿಸಿಕೊಂಡ ಹಾಗೆ.

ಚಿತ್ರ ಮೂಡದಿದ್ದರೆ ಕಿತ್ತು ಊದಬೇಕು.
ನಾವು ಊದುವುದನ್ನು ನೋಡಿ ಅಜ್ಜಿ ಮ್ಜೆವಿನಾರ್
ಸುಡುತ್ತಿರಬೇಕು ಅಂದುಕೊಂಡಿದ್ದಳು.
"ಆರಲಿ ಬಿಡ್ರೋ, ಏನವಸರ."

ಟೀವಿ ಕಪ್ಪು ಬಿಳುಪಿನದು.
ಎರಡು ವರ್ಷ ನಮ್ಮ ಪುಟ್ಟ ಸಿಪಾಯಿ ಬೂದು ಅಂಗಿಯಲ್ಲಿ
ಬೂದು ಆಕಾಶದ ಕೆಳಗೆ ಓಡಿದ.
ಚಿಕ್ಕಮ್ಮನ ಮನೆಯ ಬಣ್ಣದ ಟೀವಿಯಲ್ಲಿ ಒಮ್ಮೆ ಎದುರಾದ:
ಕಿತ್ತಳೆ ಆಕಾಶ, ಗುಲಾಬಿ ಬಂಡೆ, ಗಿಳಿಹಸಿರು ಅಂಗಿ.
ನುಕ್ರಿ ಎದ್ದು ಹೊರಗೆ ಹೋದ.
"ಅವನಲ್ಲ ಅದು," ಅಂದ ದಾರಿಯಲ್ಲಿ.
ನಾನು ವಾದಿಸಲಿಲ್ಲ.

ಪೆಟ್ಟಿಗೆಗೆ ನೆನಪಿರಲಿಲ್ಲ.
ಕರೆಂಟು ಹೋದರೆ ಹೋಯಿತು. ಆರು ಬಾಗಿಲು, ಮೂರು ಜೀವ,
ಕೂಡಿಟ್ಟ ಬೀಗದಕೈಗಳು,
ಎಲ್ಲ ಪರದೆಯ ನಡುವೆ ಒಂದು ಚುಕ್ಕೆಯಾಗಿ ಕುಗ್ಗಿ
ಆರುತ್ತಿದ್ದವು.
ಮತ್ತೆ ಬಂದರೆ ಮತ್ತೆ ಮೊದಲ ಬೇಲಿಯಿಂದ.
ಅಷ್ಟು ಸಲ ಹುಟ್ಟಿದವರು ನಮ್ಮ ಓಣಿಯಲ್ಲಿ ಬೇರೆ ಯಾರೂ ಇಲ್ಲ.

ಒಂದು ರಾತ್ರಿ, ಏಳನೇ ಬಾಗಿಲ ಮುಂದೆ, ಕತ್ತಲು.
ಸೀಮೆಎಣ್ಣೆಯೂ ಮುಗಿದಿತ್ತು.
ಅಣ್ಣ ಬೈಯುತ್ತಾನೆಂದು ಕಾದೆ. ಬೈಯಲಿಲ್ಲ.
ಗುಂಡಿ ಒತ್ತುವ ಸದ್ದು ಬಂತು. ಟಕ್. ಟಕ್.
"ತೆರೀತು," ಅಂದ.
"ಒಳಗೇನಿದೆ?"
"ನೀರು. ಮೆಟ್ಟಿಲು ಕೆಳಗಿಳೀತದೆ. ನನ್ನ ಹಿಂದೆಯೇ ಬಾ."
ಹೋದೆ.
"ಎಡಕ್ಕೆ ಬಾವಲಿ, ಬಗ್ಗು!"
ಬಗ್ಗಿದೆ, ನಿಜಕ್ಕೂ, ಕಂಬಳಿಯೊಳಗೆ.
ಮೂಲೆಯಿಂದ ಅಜ್ಜಿಯ ದನಿ: "ಆಮೇಲೆ?"

ಆ ರಾತ್ರಿ ಹನ್ನೊಂದನೇ ಬಾಗಿಲು ದಾಟಿದೆವು,
ಆಟ ಮಾಡಿದವನೇ ಮಾಡಿರದ ಬಾಗಿಲು.
ಅಲ್ಲಿ ಒಂದು ಉಪ್ಪಿನ ಊರಿತ್ತು. ಕಾವಲಿನವನಿಗೆ ಕೆಮ್ಮು.
ಅವನಿಗೆ ಬಿಸಿ ಚಹಾ ಕೊಡಿ ಅಂದವಳು ಅಜ್ಜಿ;
ಕೊಟ್ಟೆವು, ಬಿಟ್ಟ.

ನುಕ್ರಿ ಈಗ ವಿದ್ಯುತ್ ಕಂಪನಿಯಲ್ಲಿ. ಕಂಬ ಹತ್ತುತ್ತಾನೆ.
ಮೇಲಿನ ಹಳ್ಳಿಗಳಲ್ಲಿ ಹಿಮ ತಂತಿ ಹರಿದ ದಿನ
ಅವನ ಫೋನು ಸಿಗುವುದಿಲ್ಲ.
ನನ್ನ ಮಗಳು ಕೇತೋಳ ಯಂತ್ರ ಏನನ್ನೂ ಮರೆಯುವುದಿಲ್ಲ;
ನಿನ್ನೆ ನಿಂತ ಹುಲ್ಲಿನ ಎಸಳಿಂದಲೇ ಇವತ್ತು ಶುರು.
ಏಳನೇ ಬಾಗಿಲ ಹಿಂದೆ ಏನಿತ್ತು, ಹುಡುಕಿ ತೋರಿಸಲಾ?
ಎರಡು ನಿಮಿಷದ ಕೆಲಸವಂತೆ.
ಬೇಡ ಅಂದೆ, ಸ್ವಲ್ಪ ಜೋರಾಗಿಯೇ.

ಮೊನ್ನೆ ಗಾಳಿಗೆ ಕರೆಂಟು ಹೋಯಿತು.
ಫೋನಿನ ದೀಪಕ್ಕೆ ತಡಕಾಡಿದಳು ಹುಡುಗಿ.
ಇರು, ಅಂದೆ.
ಎಲ್ಲೋ ಒಂದು ಕಂಬದ ಮೇಲೆ ಅಣ್ಣ ಇದ್ದಾನು.
ಮಡಿಲಲ್ಲಿ ನನ್ನ ಹೆಬ್ಬೆರಳು ತಾನಾಗಿಯೇ ಅಲ್ಲಾಡಿತು.
"ಏನಮ್ಮಾ?"
"ಬಗ್ಗು," ಅಂದೆ.